ಹೆಸರು ನಿಲ್ಲುವ ಜಾಗ

ಪೈಮಾಲ್ ಎಂಬ ತಂತ್ರಾಂಶದಲ್ಲಿ ಒಂದು ಪರಮಾಣುವಿನ ಮೇಲೆ ಅದರ ಹೆಸರು ಬರೆಸುವುದು ಎರಡು ಸೆಕೆಂಡಿನ ಕೆಲಸ. ಆ ಹೆಸರನ್ನು ಓದಲು ಬರುವ ಜಾಗದಲ್ಲಿ ನಿಲ್ಲಿಸುವುದಕ್ಕೆ ಮಾತ್ರ ಒಂದಿಡೀ ಮಧ್ಯಾಹ್ನ ಬೇಕು. ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿರುವ ನಾನು ಇಂಥ ಎಷ್ಟು ಮಧ್ಯಾಹ್ನಗಳನ್ನು ಕಳೆದಿದ್ದೇನೆ ಎಂಬುದು ನನ್ನ ಗೈಡ್‌ಗೆ ಗೊತ್ತಾಗದಿದ್ದರೆ ಒಳ್ಳೆಯದು.

ತೊಂದರೆ ಇರುವುದು ಇಲ್ಲಿ. ಪ್ರೊಟೀನಿನ ಪ್ರತಿ ಪರಮಾಣುವಿಗೂ ಮೂರು ಅಂಕಿಗಳ ಒಂದು ವಿಳಾಸವಿರುತ್ತದೆ. ಹೆಸರು ಹೋಗಿ ಆ ವಿಳಾಸದಲ್ಲೇ ಕೂರುತ್ತದೆ. ಆದರೆ ಅಲ್ಲಿ ಪರಮಾಣು ಮೊದಲೇ ಕೂತಿದೆ, ಅದರ ಸುತ್ತ ನೆರೆಹೊರೆಯವರೂ ಇದ್ದಾರೆ. ಹಾಗಾಗಿ ಪೈಮಾಲ್ ತಾನಾಗಿಯೇ ಹೆಸರನ್ನು ನೋಡುವವರ ಕಡೆಗೆ 1.75 ಆಂಗ್‌ಸ್ಟ್ರಮ್ ಮುಂದೆ ತಂದು ನಿಲ್ಲಿಸುತ್ತದೆ. ಆಂಗ್‌ಸ್ಟ್ರಮ್ ಎಂದರೆ ಒಂದು ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು. ಜಾತ್ರೆಯಲ್ಲಿ ತೇರು ಕಾಣಲಿ ಎಂದು ಅಪ್ಪ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಹಾಗೆ. ಮುಂದೆ ಇನ್ನೊಬ್ಬ ಎತ್ತರದವನು ಬಂದು ನಿಂತರೆ ಅಪ್ಪನ ಹೆಗಲೂ ಸಾಲುವುದಿಲ್ಲ. ಆಗ ನಾವೇ ಅಂಕಿ ಕೊಟ್ಟು ಎಡಕ್ಕೆ, ಬಲಕ್ಕೆ, ಮುಂದಕ್ಕೆ ತಳ್ಳಬೇಕು, ಅಥವಾ ಎಡಿಟಿಂಗ್ ಮೋಡ್‌ಗೆ ಹೋಗಿ ಕಂಟ್ರೋಲ್ ಒತ್ತಿ ಹಿಡಿದು ಮೌಸಿನಲ್ಲಿ ಎಳೆಯಬೇಕು. ಎಲ್ಲ ಸರಿಯಾಯಿತು ಎನ್ನುವಾಗ ಅಣುವನ್ನು ಹತ್ತು ಡಿಗ್ರಿ ತಿರುಗಿಸಿದರೆ ಎರಡು ಹೆಸರು ಒಂದರ ಮೇಲೊಂದು ಬಿದ್ದಿರುತ್ತವೆ. ಅಕ್ಷರದ ಗಾತ್ರದ್ದು ಇನ್ನೊಂದು ತಮಾಷೆ: ಧನಸಂಖ್ಯೆ ಕೊಟ್ಟರೆ ಪರದೆಯ ಮೇಲೆ ಅದು ಬದಲಾಗದೆ ಇರುತ್ತದೆ, ಋಣಸಂಖ್ಯೆ ಕೊಟ್ಟರೆ ಅಣುವಿನ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಇದನ್ನು ಮೊದಲು ಯೋಚಿಸಿದವರ ತಲೆಗೆ ಒಂದು ನಮಸ್ಕಾರ.

ನಕ್ಷೆ ಬರೆಯುವವರಿಗೆ ಇದು ಹಳೆಯ ತಲೆನೋವು. ಸ್ವಿಟ್ಜರ್ಲೆಂಡಿನ ಎಡ್ವರ್ಡ್ ಇಮ್‌ಹೋಫ್ ನಕ್ಷೆಯ ಮೇಲೆ ಊರು, ನದಿ, ಬೆಟ್ಟಗಳ ಹೆಸರು ಎಲ್ಲಿರಬೇಕು ಎಂಬುದರ ಬಗ್ಗೆಯೇ 1962ರಲ್ಲಿ ಪ್ರಬಂಧ ಬರೆದರು. ಒಂದೂ ಹೆಸರು ಇನ್ನೊಂದಕ್ಕೆ ತಾಗದ ಹಾಗೆ ಜೋಡಿಸುವುದು ಗಣಕಗಳಿಗೂ ನಿಜಕ್ಕೂ ಕಷ್ಟದ ಲೆಕ್ಕ ಎಂದು 1990ರ ದಶಕದಲ್ಲಿ ಗಣಿತದಿಂದಲೇ ತೋರಿಸಿದ್ದಾರೆ. ಅದನ್ನು ಓದಿದ ದಿನ ನನಗೆ ಎಷ್ಟೋ ಸಮಾಧಾನವಾಯಿತು.

ಹೋದ ವರ್ಷ ಚಾಮರಾಜನಗರ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಗೆಳತಿ ಕುಡುಗೋಲು ಕಣ ರಕ್ತಹೀನತೆಯ ಪಾಠಕ್ಕೆ ಒಂದು ಚಿತ್ರ ಕೇಳಿದಳು. ಮೈಸೂರು, ಚಾಮರಾಜನಗರ, ಕೊಡಗಿನ ಕೆಲವು ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇದೆ. ಅವಳ ತರಗತಿಗೆ ಪೋಡುಗಳಿಂದ ಬರುವ ಮಕ್ಕಳೂ ಇದ್ದಾರೆ. "ಹೆಸರು ಕನ್ನಡದಲ್ಲೇ ಇರ್ಲಿ ಕಣೇ. ಇಂಗ್ಲಿಷ್ ನೋಡಿದ್ರೆ ಹಿಂದಿನ ಬೆಂಚು ಮಲಗಿಬಿಡುತ್ತೆ" ಅಂದಳು.

ನಾನು ತೆಗೆದುಕೊಂಡ ರಚನೆಯಲ್ಲಿ ಕಾಯಿಲೆಯ ಎರಡು ಹಿಮೋಗ್ಲೋಬಿನ್ ಅಣುಗಳು ಅಕ್ಕಪಕ್ಕ ಅಂಟಿಕೊಂಡಿವೆ. ಹೈಡ್ರೋಜನ್ ಬಿಟ್ಟರೂ ಒಂಬತ್ತು ಸಾವಿರಕ್ಕೂ ಹೆಚ್ಚು ಪರಮಾಣುಗಳು. ಹೇಳಬೇಕಾದ ಕಥೆ ಮಾತ್ರ ಚಿಕ್ಕದು. ಬೀಟಾ ಸರಪಳಿಯ 146 ಅಮೈನೋ ಆಮ್ಲಗಳಲ್ಲಿ ಆರನೆಯದು ಗ್ಲುಟಾಮಿಕ್ ಆಮ್ಲ ಇರಬೇಕಿತ್ತು, ವ್ಯಾಲೀನ್ ಇದೆ. ವರ್ನನ್ ಇಂಗ್ರಾಮ್ 1957ರಲ್ಲಿ ಕಂಡುಹಿಡಿದದ್ದು ಇದನ್ನೇ. ಗ್ಲುಟಾಮಿಕ್ ಆಮ್ಲ ನೀರಿಗೆ ಒಗ್ಗುತ್ತದೆ, ವ್ಯಾಲೀನ್ ಒಗ್ಗುವುದಿಲ್ಲ. ಆಮ್ಲಜನಕ ಬಿಟ್ಟುಕೊಟ್ಟ ಮೇಲೆ ಪಕ್ಕದ ಅಣುವಿನಲ್ಲಿ ಫಿನೈಲಲನೀನ್ 85, ಲ್ಯೂಸೀನ್ 88 ಸೇರಿ ಒಂದು ಚಿಕ್ಕ ಗುಳಿಯಾಗುತ್ತದೆ. ವ್ಯಾಲೀನ್ ಹೋಗಿ ಅದರಲ್ಲಿ ಕೂರುತ್ತದೆ. ಅಣುವಿಗೆ ಅಣು ಹೀಗೆ ಸೇರಿ ಎಳೆಯಾಗಿ, ಎಳೆ ಬೆಳೆದು ಕಣವನ್ನೇ ಕುಡುಗೋಲಿನ ಹಾಗೆ ಬಾಗಿಸುತ್ತವೆ.

ಮೂರು ಹೆಸರು ಸಾಕು. ಆದರೆ ಆ ಮೂರೂ ಒಂದೇ ಇಕ್ಕಟ್ಟಿನಲ್ಲಿವೆ. ಒಂದನ್ನು ಸರಿಸಿದರೆ ಇನ್ನೊಂದು ಗುಳಿಯನ್ನೇ ಮುಚ್ಚುತ್ತದೆ. ಪೈಮಾಲಿನಲ್ಲಿ ಕನ್ನಡ ಟೈಪ್ ಮಾಡಿದರೆ ನನ್ನ ಗಣಕದಲ್ಲಿ ಬಂದದ್ದು ಸಾಲಾಗಿ ಖಾಲಿ ಚೌಕಗಳು. ಕೊನೆಗೆ ಹೆಸರಿಲ್ಲದ ಚಿತ್ರವನ್ನು ಉಳಿಸಿಕೊಂಡು, ಇಂಕ್‌ಸ್ಕೇಪಿನಲ್ಲಿ ತೆರೆದು, ಕನ್ನಡವನ್ನು ಮೇಲೆ ಕೂರಿಸಿದೆ. ಕನ್ನಡದ ಹೆಸರಿಗೆ ಜಾಗ ಅಗಲದಲ್ಲಿ ಮಾತ್ರವಲ್ಲ, ಕೆಳಗೂ ಬೇಕು. 'ವ್ಯಾಲೀನ್' ಪದದ ಯ ಒತ್ತು ಕೆಳಗಿನ ಪರಮಾಣುವಿನ ತಲೆಗೆ ಬಡಿಯುತ್ತಿತ್ತು. ಹೆಸರುಗಳನ್ನು ಗುಂಪಿನಿಂದ ಆಚೆಗೆ ತಂದು ತೆಳ್ಳಗಿನ ಗೆರೆಯಲ್ಲಿ ಜೋಡಿಸಿದೆ. ಇನ್ನೊಂದು ಸಣ್ಣ ಗೊಂದಲ: ಹೊಸ ಪದ್ಧತಿಯ ಜೀನ್ ವರದಿಗಳು ಮೊದಲಿಗೆ ಬಂದು ಆಮೇಲೆ ಕಳಚಿಹೋಗುವ ಮೆಥಿಯೋನಿನನ್ನೂ ಎಣಿಸಿ ಇದೇ ಜಾಗವನ್ನು 7 ಎನ್ನುತ್ತವೆ. ಪಠ್ಯದಲ್ಲಿ 6 ಇದೆ. ನಾನು 6 ಅನ್ನೇ ಇಟ್ಟುಕೊಂಡೆ.

ಪಾಠದ ದಿನ ನಾನೂ ಹೋಗಿದ್ದೆ. ಎರಡನೇ ಸಾಲಿನ ಹುಡುಗಿಯೊಬ್ಬಳು ತುಂಬ ಹೊತ್ತು ಚಿತ್ರವನ್ನೇ ನೋಡುತ್ತಿದ್ದು ಎದ್ದು ನಿಂತಳು. "ಮೇಡಂ, ಹೆಸರು ಬರೆದಿರೋ ಮೂರೂ ಕೆಟ್ಟೋಗಿರೋವಾ?"

ಅಲ್ಲ ಎಂದೆ. ಬದಲಾಗಿರುವುದು ಆರನೆಯದು ಒಂದೇ. ಉಳಿದೆರಡು ನನ್ನಲ್ಲೂ ಇವೆ, ನಿಮ್ಮ ಮೇಡಂನಲ್ಲೂ ಇವೆ, ಅಲ್ಲೇ, ಅದೇ ಸಂಖ್ಯೆಯಲ್ಲಿ.

"ಹೆಸರು ಬರೀದೇ ಇರೋವು?"

ಒಂದು ಸರಪಳಿಯಲ್ಲಿ 145 ಎಲ್ಲರದ್ದೂ ಒಂದೇ ಎಂದೆ. ಅವಳು ಕೂತಳು. ಆಮೇಲೆ ಪಕ್ಕದವಳಿಗೆ, ನನಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ನಮ್ಮಣ್ಣಂಗೆ ಹೇಳ್ಬೇಕು. ಅವನು ರಕ್ತವೆಲ್ಲಾ ಕೆಟ್ಟೋಗದೆ ಅಂತಾನೆ."

ನಾನು ಚಿತ್ರಕ್ಕೆ ಹೆಸರು ಹಾಕುವಾಗ ಒಂಬತ್ತು ಸಾವಿರದಲ್ಲಿ ಕಣ್ಣು ಎಲ್ಲಿಗೆ ಹೋಗಬೇಕು ಎಂದಷ್ಟೇ ಲೆಕ್ಕ ಹಾಕಿದ್ದೆ. ಅವಳು ಹೆಸರಿಲ್ಲದವುಗಳನ್ನು ಎಣಿಸಿದಳು. ಬೆಂಗಳೂರಿನ ಬಸ್ಸಿನಲ್ಲಿ ವಾಪಸು ಬರುವಾಗ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಗುರುತು ಹಾಕಿದ್ದೆಲ್ಲ ರೋಗವೆಂದೇ ಕಾಣುವ ಮನೆಯಲ್ಲಿ ಬೆಳೆದವರಿಗೆ ಒಂದು ಗೆರೆ, ಒಂದು ಅಂಕಿ ಹೇಗೆ ಕಾಣಬಹುದು! ವ್ಯಾಲೀನಿಗೆ ಒಂದು ಬಣ್ಣ, ಉಳಿದೆರಡಕ್ಕೆ ಬೇರೆ ಬಣ್ಣ ಹಾಕಿ, "ಇವು ಎಲ್ಲರಲ್ಲೂ ಇವೆ" ಎಂಬ ಸಣ್ಣ ಸಾಲಿಗೂ ಜಾಗ ಹುಡುಕಿ, ಇನ್ನೊಂದು ಪ್ರತಿ ಕಳಿಸಿದೆ. ಆ ಸಾಲಿಗೆ ಜಾಗ ಸಿಗುವಷ್ಟರಲ್ಲಿ ಮತ್ತೊಂದು ಮಧ್ಯಾಹ್ನ ಹೋಯಿತು.

ಗೆಳತಿ ಅದನ್ನು ಪ್ರಿಂಟ್ ಹಾಕಿಸಿ ಲ್ಯಾಬಿನ ಗೋಡೆಗೆ ಅಂಟಿಸಿದ್ದಾಳೆ. ಮೊನ್ನೆ ಫೋಟೋ ಕಳಿಸಿದ್ದಳು. ನಾನು ಹೆಸರಿಲ್ಲದೆ ಬಿಟ್ಟಿದ್ದ ಹೀಮ್‌ನ ನಡುವಿನಿಂದ ಯಾರೋ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು 'ಕಬ್ಬಿಣ' ಎಂದು ಬರೆದಿದ್ದಾರೆ. ಬೇರೆ ಯಾವ ಹೆಸರಿಗೂ ತಾಗಿಲ್ಲ.