ಪೆಟ್ಟಿಗೆಯೊಳಗಿನ ಜಯಮಂಗಲಿ

ಪುಣೆಯಿಂದ ವಾಪಸ್ ಬಂದ ಪೆಟ್ಟಿಗೆಯನ್ನು ಕೊರಟಗೆರೆಯ ಚಿಕ್ಕಪ್ಪನ ಜಗಲಿಯ ಮೇಲೆ ಬಿಚ್ಚಿದಾಗ ಮೊದಲು ಸುರಿದದ್ದು ಕಡ್ಲೆಕಾಯಿ ಸಿಪ್ಪೆಯ ಪುಡಿ. ಅದರ ಅಡಿಯಲ್ಲಿ ದೋಣಿ ಮಗ್ಗುಲಾಗಿ ಬಿದ್ದಿತ್ತು. ಚುಕ್ಕಾಣಿ ಒಂದು ಕಡೆಗೆ ಬಾಗಿತ್ತು, ಮೇಲಿನ ಕ್ಯಾಬಿನ್ನಿನ ಒಂದು ಗೋಡೆ ಬಿಟ್ಟುಕೊಂಡಿತ್ತು, ಪ್ರೊಪೆಲ್ಲರಿನ ಶಾಫ್ಟು ಒಡಲನ್ನು ಸೇರುವ ಜಾಗದಲ್ಲಿ ಉಗುರು ತೂರುವಷ್ಟು ಬಿರುಕು. ಚಿಕ್ಕಪ್ಪ ಏನೂ ಅನ್ನಲಿಲ್ಲ. ಎಡಗೈಯಲ್ಲಿ ಪುಡಿಯನ್ನು ಎತ್ತಿ ಊದಿ, "ಇದನ್ನ ಯಾರಮ್ಮ ತುಂಬಿದ್ದು?" ಎಂದು ಕೇಳಿದರು. ತುಂಬಿದ್ದು ನಾನೇ.

ಈ ದೋಣಿಯ ಕಥೆ ಸ್ವಲ್ಪ ಹೇಳಬೇಕು. ಚಿಕ್ಕಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಮಧುಗಿರಿ, ಕೊರಟಗೆರೆ ಸೀಮೆಯಲ್ಲಿ ಈ ಕೆಲಸಕ್ಕೆ ಬರ ಬಂದಷ್ಟೂ ವ್ಯಾಪಾರ. ಬೋರ್‌ವೆಲ್ ಬತ್ತಿದರೆ ಮೋಟರ್ ಸುಡುತ್ತದೆ, ಸುಟ್ಟ ಮೋಟರ್ ಅಂಗಡಿಗೆ ಬರುತ್ತದೆ. ಇಂಥ ಮನುಷ್ಯ ದೋಣಿ ಮಾಡಿದ್ದು 2022ರ ಮಳೆಯ ನಂತರ. ಆ ವರ್ಷ ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ದಡ ಮೀರಿ ಹರಿದಳು. ಹಳ್ಳದ ಗುರುತೂ ಮರೆತಿದ್ದ ಜನ ಸೇತುವೆಯ ಮೇಲೆ ನಿಂತು ಫೋಟೋ ತೆಗೆದುಕೊಂಡರು. ನನ್ನ ಸಂಶೋಧನೆಯ ವಿಷಯ ಈ ನಾಲ್ಕು ತಾಲ್ಲೂಕುಗಳ ಕೆರೆಗಳ ಸುತ್ತ ಹುಟ್ಟಿದ ಜನಪದ ಕಥೆಗಳು. ಅಲ್ಲಿಯವರೆಗೂ ನಾನು ಹೆಚ್ಚಾಗಿ ಒಣ ಕೆರೆಯ ಅಂಗಳದಲ್ಲಿ ಕೂತು ನೀರಿನ ಕಥೆ ಬರೆದುಕೊಂಡವಳು. ಚಿಕ್ಕಪ್ಪನಿಗೂ ಅವರ ಮಗನಿಗೂ ಆಗ ಇನ್ನೂ ಮಾತಿತ್ತು. ಇಬ್ಬರೂ ಸೇರಿ ತೆಳು ಪ್ಲೈವುಡ್ಡಿಗೆ ಫೈಬರ್ ಹೊದಿಸಿ, ಮೂರಡಿಗೆ ಸ್ವಲ್ಪ ಕಮ್ಮಿ ಉದ್ದದ, ರಿಮೋಟಿನಲ್ಲಿ ಓಡುವ ದೋಣಿ ಮಾಡಿದರು. ಮೂತಿಯ ಮೇಲೆ 'ಜಯಮಂಗಲಿ' ಎಂದು ಬರೆದರು. ತೀತಾ ಜಲಾಶಯದಲ್ಲಿ ಬಿಟ್ಟ ದಿನ ಗೊರವನಹಳ್ಳಿ ಮಹಾಲಕ್ಷ್ಮಿಯ ದರ್ಶನ ಮುಗಿಸಿ ಬಂದವರು ಪ್ರಸಾದ ಕೈಯಲ್ಲೇ ಹಿಡಿದು ನೋಡುತ್ತಾ ನಿಂತಿದ್ದರು.

ಆಮೇಲೆ ಅಂಗಡಿ ಯಾರು ನೋಡಿಕೊಳ್ಳಬೇಕು ಎಂಬ ಜಗಳ. ಮಗ ಪುಣೆಗೆ ಹೋದ. ಒಂದು ಬೆಳಗ್ಗೆ ಚಿಕ್ಕಪ್ಪನಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಮಗ ಬಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹೋದ. ಅಪ್ಪ ಮಗ ಮಾತಾಡಿದ್ದು ಔಷಧಿಯ ಚೀಟಿಯ ಬಗ್ಗೆ ಮಾತ್ರ. ಎಷ್ಟೋ ತಿಂಗಳ ಮೇಲೆ ಅವನೇ ನನಗೆ ಫೋನು ಮಾಡಿ, "ಅಕ್ಕಾ, ಆ ಬೋಟು ಕಳಿಸೋಕಾಗುತ್ತಾ?" ಎಂದ. ಚಿಕ್ಕಪ್ಪನಿಗೆ ಹೇಳಿದೆ. ಅವರು ಅಟ್ಟದ ಕಡೆ ನೋಡಿ, "ಕಳ್ಸು" ಅಂದರು, ಅಷ್ಟೇ.

ನಾನು ಜಾಣೆಯಂತೆ ಶಿರಾದ ಮಿಲ್ಲೊಂದರಿಂದ ಒಂದು ಚೀಲ ಕಡ್ಲೆಕಾಯಿ ಸಿಪ್ಪೆ ತಂದೆ. ಹೊರದೇಶದ ಪಾರ್ಸೆಲ್ಲುಗಳಲ್ಲಿ ಬರುವ ಥರ್ಮಾಕೋಲಿನ ಉಂಡೆಗಳಿಗೆ ಇಂಗ್ಲಿಷಿನಲ್ಲಿ ಕಡ್ಲೆಕಾಯಿಯ ಹೆಸರೇ ಇದೆ. ಅಸಲಿ ಕಡ್ಲೆಕಾಯಿಯ ನಾಡಿನವಳು ನಕಲಿಯನ್ನು ಯಾಕೆ ಕೊಳ್ಳಬೇಕು ಎಂಬ ಜಂಬ ನನಗೆ. ದೋಣಿಯನ್ನು ನಡುವೆ ಇಟ್ಟು ಸುತ್ತ ಸಿಪ್ಪೆ ಸುರಿದು ಟೇಪು ಸುತ್ತಿದೆ. ಲಾರಿ ಕುಲುಕಿದಂತೆಲ್ಲ ಸಿಪ್ಪೆ ಪುಡಿಯಾಗಿ ಕೆಳಗಿಳಿಯಿತು, ಮೇಲೆ ಜಾಗ ಖಾಲಿಯಾಯಿತು. ಮೂರು ಕೆಜಿ ತೂಕದ ದೋಣಿ ಸಿಪ್ಪೆಯೊಳಗೇ ಮುಳುಗುತ್ತಾ ಹೋಗಿ, ಎಲ್ಲಕ್ಕಿಂತ ನಾಜೂಕಾದ ಚುಕ್ಕಾಣಿಯ ಮೇಲೆ ಕೂತುಬಿಟ್ಟಿತು. ಸಾಗಿಸಿದವರನ್ನು ಬೈಯಬಹುದಿತ್ತು, ಒಂದೆರಡು ದಿನ ಬೈದೆ ಕೂಡ. ಆದರೆ ಪೆಟ್ಟಿಗೆಯ ಹೊರಮೈಯಲ್ಲಿ ಒಂದು ಜಜ್ಜಿದ ಗುರುತೂ ಇರಲಿಲ್ಲ. ಹಬ್ಬಕ್ಕೆ ಊರಿಗೆ ಬರುತ್ತಿದ್ದ ಗೆಳೆಯನ ಕೈಯಲ್ಲಿ ತಮ್ಮ ಅದನ್ನು ವಾಪಸ್ ಕಳಿಸಿದ್ದ, "ಅಪ್ಪನಿಗೆ ರಿಪೇರಿ ಆಗುತ್ತಾ ಕೇಳು" ಎಂಬ ಮೆಸೇಜಿನ ಜೊತೆ.

ಅಪ್ಪನಿಗೆ ಆಗುತ್ತಿರಲಿಲ್ಲ. ಬಲಗೈ ಸ್ಕ್ರೂಡ್ರೈವರ್ ಹಿಡಿಯುತ್ತಿರಲಿಲ್ಲ. ಹಾಗಾಗಿ ಮೂರು ವಾರ ನಾನು ಅವರ ಕೈಯಾದೆ. ಅವರು ಮೊಡ್ಡಾಗಿ ಹೇಳುವುದು, ನಾನು ತಪ್ಪು ಮಾಡುವುದು. "ಅಂಟು ಹಾಕೋಕೆ ಮುಂಚೆ ಉಜ್ಜೇ, ನುಣ್ಣಗಿದ್ರೆ ಹಿಡ್ಯಲ್ಲ." "ಗ್ರೀಸು ತುಂಬು, ಆ ಕೊಳವೇಲಿ ಗ್ರೀಸಿಲ್ದಿದ್ರೆ ನೀರು ಒಳಕ್ ಬರ್ತದೆ." ಅಧ್ಯಾಯ ಎಲ್ಲಿ ಎಂದು ಕೇಳಲು ಮಾರ್ಗದರ್ಶಕರು ಫೋನು ಮಾಡಿದಾಗ ಕ್ಷೇತ್ರಕಾರ್ಯದಲ್ಲಿದ್ದೇನೆ ಎಂದೆ. ಪೂರ್ತಿ ಸುಳ್ಳೇನಲ್ಲ. ಮತ್ತೊಮ್ಮೆ ಒಡೆದರೆ ಇನ್ನೊಂದು ದೋಣಿ ಆ ಮನೆಯಲ್ಲಿ ಹುಟ್ಟುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ಪ್ಯಾಕಿಂಗ್ ಕಲಿತದ್ದು ಮಧುಗಿರಿಯ ಹತ್ತಿರದ ಒಂದು ದಾಳಿಂಬೆ ತೋಟದಲ್ಲಿ. ಅಲ್ಲೊಬ್ಬ ಅಜ್ಜಿಯ ಹತ್ತಿರ ಕೆರೆಯ ಕಥೆ ಕೇಳಲು ಹೋಗಿದ್ದೆ. ಅವರು ಕಥೆ ಹೇಳುತ್ತಲೇ ಹಣ್ಣು ತುಂಬುತ್ತಿದ್ದರು. ಒಂದೊಂದು ಹಣ್ಣಿಗೂ ಬಿಳಿಯ ಫೋಮಿನ ಬಲೆ ತೊಡಿಸಿ, ಪೆಟ್ಟಿಗೆಯಲ್ಲಿ ಕೂರಿಸಿ, ಅಂಗೈಯಿಂದ ಮೆಲ್ಲಗೆ ಅಲ್ಲಾಡಿಸಿ ನೋಡುತ್ತಿದ್ದರು. ನಾನು ದೋಣಿಯ ಸಂಕಟ ಹೇಳಿಕೊಂಡೆ. ಅಜ್ಜಿ ನಕ್ಕು, "ಹಣ್ಣು ಅಲ್ಲಾಡಬಾರ್ದು ಕಣವ್ವ, ಹಂಗಂತ ಅದುಮಲೂಬಾರ್ದು. ಎಲ್ಲಿ ಗಟ್ಟಿ ಐತೋ ಅಲ್ಲಿ ಹಿಡ್ಕೋಬೇಕು, ಎಲ್ಲಿ ಮೆತ್ತಗೈತೋ ಅಲ್ಲಿ ಜಾಗ ಬಿಡ್ಬೇಕು" ಅಂದರು. ಬಸ್ಸಿನಲ್ಲಿ ಬರುವಾಗ ಕೆರೆಯ ಕಥೆಗಿಂತ ಮೊದಲು ಈ ಮಾತನ್ನೇ ಬರೆದುಕೊಂಡೆ.

ದೋಣಿಯಲ್ಲಿ ಗಟ್ಟಿ ಜಾಗ ಅದರ ಒಡಲು. ಚಿಕ್ಕಪ್ಪ ಹೇಳಿದಂತೆ ದಪ್ಪ ಥರ್ಮಾಕೋಲಿನಲ್ಲಿ ಒಡಲಿನ ಆಕಾರಕ್ಕೆ ಸರಿಯಾಗಿ ಎರಡು ತೊಟ್ಟಿಲು ಕೊರೆದೆ, ಒಂದು ಮೂತಿಯ ಹಿಂದೆ, ಒಂದು ಮೋಟರಿನ ಕೆಳಗೆ. ಬಣ್ಣ ಕೀಳದಿರಲಿ ಎಂದು ನಡುವೆ ಹಳೆಯ ಹತ್ತಿ ಸೀರೆಯ ಪಟ್ಟಿ. ದೋಣಿ ಅವುಗಳ ಮೇಲೆ ಕೂತಾಗ ಚುಕ್ಕಾಣಿಗೂ ಪ್ರೊಪೆಲ್ಲರಿಗೂ ಏನೂ ತಾಗದೆ ಗಾಳಿಯಲ್ಲಿದ್ದವು. ಕ್ಯಾಬಿನ್, ಕಂಬ, ರಿಮೋಟು ಇವನ್ನೆಲ್ಲ ಕಳಚಿ ಬೇರೆ ಬೇರೆ ಡಬ್ಬಿಯಲ್ಲಿಟ್ಟೆ. ಬಿಡಿ ಸ್ಕ್ರೂ ಒಂದೇ ಒಂದು ಒಳಗೆ ಉರುಳಾಡಿದರೂ ಸಾವಿರ ಕಿಲೋಮೀಟರಿನಲ್ಲಿ ಅದೇ ಸುತ್ತಿಗೆಯಾಗುತ್ತದೆ. ಚುಕ್ಕಾಣಿ ತಿರುಗದ ಹಾಗೆ ಅಡ್ಡಕ್ಕೊಂದು ಐಸ್‌ಕ್ರೀಮ್ ಕಡ್ಡಿ ಕಟ್ಟಿದೆ. ಈ ಪೆಟ್ಟಿಗೆಯನ್ನು ಇನ್ನೂ ದೊಡ್ಡ ಪೆಟ್ಟಿಗೆಯೊಳಗಿಟ್ಟು ಸುತ್ತಲೂ ಮೂರು ಬೆರಳಷ್ಟು ದಪ್ಪಕ್ಕೆ ಫೋಮು ಕೊಟ್ಟೆ. ಹೊರಗಿನ ಪೆಟ್ಟು ಹೊರಗಿನ ಪೆಟ್ಟಿಗೆಯಲ್ಲೇ ಸಾಯಬೇಕು. ಮೂಲೆಗಳಿಗೆ ರಟ್ಟಿನ ಕವಚ ಹಾಕುವ ಉಪಾಯ ಪಾವಗಡದ್ದು. ತಿರುಮಣಿಯ ಸುತ್ತಿನ ಆ 13,000 ಎಕರೆಯ, 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ಪ್ಯಾನೆಲ್ ಇಳಿಸಿದ್ದ ಪರಿಚಯದ ಹುಡುಗನೊಬ್ಬ, "ಅಕ್ಕಾ, ಗಾಜು ನಡುವೆ ಒಡೆಯಲ್ಲ, ಮೂಲೆಯಿಂದ ಒಡೀತದೆ" ಎಂದಿದ್ದ.

ಬ್ಯಾಟರಿಯನ್ನು ಕಳಿಸಲಿಲ್ಲ. ಲಿಥಿಯಂ ಬ್ಯಾಟರಿಗೆ ಪೆಟ್ಟು ಬಿದ್ದರೆ ಬೆಂಕಿ ಹತ್ತಬಹುದು. ಬಿಡಿಯಾದ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದನ್ನು 2016ರ ಏಪ್ರಿಲ್ 1ರಿಂದಲೇ ಜಗತ್ತಿನಾದ್ಯಂತ ನಿಷೇಧಿಸಿದ್ದಾರೆ. ನಮ್ಮದು ಲಾರಿಯಲ್ಲೇ ಹೋಗುವುದಾದರೂ ಚಿಕ್ಕಪ್ಪ ಒಪ್ಪಲಿಲ್ಲ. "ಅವ್ನು ಅಲ್ಲೇ ಕೊಂಡ್ಕಳ್ಳಿ. ಮೂರು ಸೆಲ್ಲಿಂದು, ಹನ್ನೊಂದು ಪಾಯಿಂಟ್ ಒಂದು ವೋಲ್ಟು ಅಂತ ಬರೆದಿಡು." ಹಳೆಯ ಬ್ಯಾಟರಿಯನ್ನು ಸೆಲ್ಲಿಗೆ 3.8 ವೋಲ್ಟಿಗೆ ತಂದು ಮಣ್ಣಿನ ಕುಡಿಕೆಯಲ್ಲಿಟ್ಟರು. ಅದನ್ನು ಮಾತ್ರ ಯಾಕೆ ಜೋಪಾನ ಮಾಡಿದರೋ, ನಾನು ಕೇಳಲಿಲ್ಲ.

ಕಡೆಗೆ ಪರೀಕ್ಷೆ. ಪೆಟ್ಟಿಗೆಯನ್ನು ಕಿವಿಗೆ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನೋ 'ಟಿಕ್' ಅಂದಿತು. ಬಿಚ್ಚಿದರೆ ಕ್ಯಾಬಿನ್ನಿನ ಡಬ್ಬಿಯ ಮುಚ್ಚಳ. ಮತ್ತೆ ಕಟ್ಟಿ ಅಲ್ಲಾಡಿಸಿದೆ, ಮೌನ. "ಈಗ ಬೀಳ್ಸು" ಅಂದರು ಚಿಕ್ಕಪ್ಪ. ಸೊಂಟದೆತ್ತರದಿಂದ ಅಂಗಳದ ಮಣ್ಣಿನ ಮೇಲೆ ಬೀಳಿಸಬೇಕಂತೆ. ನನಗೆ ಕೈ ಬರಲಿಲ್ಲ. ಅವರು ತಮ್ಮ ಎಡಗೈಯಿಂದ ನನ್ನ ಕೈಯನ್ನು ತಳ್ಳಿಬಿಟ್ಟರು. ದಪ್ ಎಂದು ಬಿತ್ತು. ಇಬ್ಬರೂ ಉಸಿರು ಹಿಡಿದು ಬಿಚ್ಚಿದೆವು. ಜಯಮಂಗಲಿ ತೊಟ್ಟಿಲಲ್ಲಿ ಕೂತ ಹಾಗೇ ಇದ್ದಳು. ಹೊರಗೆ ಕನ್ನಡದಲ್ಲಿ 'ಗಾಜು, ಹುಷಾರು' ಎಂದು ಬರೆದು, ಗಡಿಯಾಚೆ ಓದುವವರು ಯಾರೋ ಎಂದು ಲೋಟದ ಚಿತ್ರವನ್ನೂ ಮೇಲ್ಮುಖದ ಬಾಣವನ್ನೂ ಬಿಡಿಸಿದೆ. ಒಳಗೆ ಗಾಜೇನೂ ಇರಲಿಲ್ಲ. ಆದರೆ 'ದೋಣಿ' ಎಂದು ಬರೆದರೆ ಯಾರು ಮೆಲ್ಲಗೆ ಇಡುತ್ತಾರೆ?

ಐದನೇ ದಿನ ಸಂಜೆ ಫೋನು ಬಂತು, ನನಗಲ್ಲ, ಚಿಕ್ಕಪ್ಪನಿಗೆ. ಸ್ಪೀಕರಿಗೆ ಹಾಕಿ ಕೊಟ್ಟೆ. "ಬಂತು. ಏನೂ ಆಗಿಲ್ಲ" ಅಂದ ತಮ್ಮ. ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದರು. ಆ ಕಡೆಯಿಂದ ಟೇಪು ಕೀಳುವ ಸದ್ದು ಕೇಳುತ್ತಿತ್ತು.

"ಪೆಟ್ಟಿಗೆ ಹರೀಬ್ಯಾಡ ಕಣೋ" ಅಂದರು ಚಿಕ್ಕಪ್ಪ. "ಮೆಲ್ಲಗೆ ಬಿಚ್ಚಿ ಎತ್ತಿಡು. ಊರಿಗೆ ತರೋವಾಗ ಬೇಕಾಗ್ತದೆ."

"ಹೂಂ" ಅಂದ ಅವನು. ಟೇಪಿನ ಸದ್ದು ನಿಧಾನವಾಯಿತು.