ಎರಡು ರಸ್ತೆ, ಒಂದೇ ಸ್ಪ್ರಿಂಗ್

ಥಾರ್ ಒಳ್ಳೆಯದೋ ಜಿಮ್ನಿ ಒಳ್ಳೆಯದೋ ಅಂತ ಹಾಸ್ಟೆಲ್‌ನಲ್ಲಿ ಜಗಳ ಆಡದ ಮೆಕ್ಯಾನಿಕಲ್ ಹುಡುಗರು ಇರಲಿಕ್ಕಿಲ್ಲ. ನಾವು ನಾಲ್ವರೂ ಆಡುತ್ತೇವೆ. ಈ ವರ್ಷ ಮಾತ್ರ ಜಗಳಕ್ಕೆ ಒಂದು ನಿಜವಾದ ಕಾರಣ ಸಿಕ್ಕಿತು. ನಮ್ಮಲ್ಲೊಬ್ಬನ ಮನೆ ಸಕಲೇಶಪುರದ ಹತ್ತಿರದ ಕಾಫಿ ತೋಟದಲ್ಲಿದೆ. ಅಲ್ಲಿಯ ಹಳೆಯ ಜೀಪ್ ಮಾರಿ ಹೊಸ ಗಾಡಿ ತಗೊಳ್ಳುವ ಮಾತು ನಡೆದಿತ್ತು.

ಮನೆಯಿಂದ ಡಾಂಬರು ರಸ್ತೆಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲದಲ್ಲಿ ಅದು ದಾರಿಯಲ್ಲ, ಕೆಸರು. ಅಲ್ಲಿಂದ ಹಾಸನಕ್ಕೆ ನಲವತ್ತು ಕಿಲೋಮೀಟರ್‌ಗೂ ಹೆಚ್ಚು ಹೈವೇ. ಅಜ್ಜಿಗೆ ಸೊಂಟದ ಆಪರೇಷನ್ ಆಗಿದೆ, ಚೆಕಪ್‌ಗೆ ಹಾಸನಕ್ಕೆ ಕರೆದುಕೊಂಡು ಹೋಗಲೇಬೇಕು. "ಕೆಸರಲ್ಲೂ ಹತ್ತಬೇಕು, ಹೈವೇಲೂ ಅಜ್ಜಿಗೆ ನೋವಾಗಬಾರದು. ಇಂಜಿನಿಯರಿಂಗ್ ಓದ್ತಿದೀರಲ್ಲ, ಅಂಥದ್ದು ಯಾವುದಿದೆ ಹೇಳ್ರಪ್ಪಾ," ಅಂದರು ಅಂಕಲ್.

ಕೇಳಲು ಸುಲಭ. ಆದರೆ ಸಸ್ಪೆನ್ಷನ್‌ನಲ್ಲಿ ಈ ಎರಡು ಆಸೆಗಳು ಒಂದನ್ನೊಂದು ಎಳೆದಾಡುತ್ತವೆ.

ಮಣ್ಣಿನ ದಾರಿಯಲ್ಲಿ ಮುಖ್ಯವಾದ ವಿಷಯ ನಾಲ್ಕೂ ಚಕ್ರ ನೆಲ ಬಿಡದೇ ಇರುವುದು. ಒಂದು ಚಕ್ರ ಗಾಳಿಯಲ್ಲಿ ನಿಂತರೆ ಸಾಧಾರಣ ಡಿಫರೆನ್ಷಿಯಲ್ ಇರುವ ಗಾಡಿಯಲ್ಲಿ ಆ ಚಕ್ರ ಸುಮ್ಮನೆ ಗಿರಗಿರ ತಿರುಗುತ್ತದೆ, ಪಕ್ಕದ ಚಕ್ರಕ್ಕೆ ತಳ್ಳುವ ಶಕ್ತಿ ಸಿಗುವುದಿಲ್ಲ. ಅದಕ್ಕೆ ಮೆತ್ತಗಿನ ಸ್ಪ್ರಿಂಗ್ ಬೇಕು, ಚಕ್ರ ಮೇಲೆ ಕೆಳಗೆ ತುಂಬಾ ದೂರ ಓಡಾಡುವಂತಿರಬೇಕು. ಗಟ್ಟಿ ಆಕ್ಸಲ್ ಇದ್ದರೆ ಇನ್ನೂ ಒಳ್ಳೆಯದು, ಒಂದು ಚಕ್ರ ಕಲ್ಲು ಹತ್ತಿದಾಗ ಇನ್ನೊಂದು ತಾನಾಗಿ ಕೆಳಗೆ ಒತ್ತುತ್ತದೆ.

ಹೈವೇಯಲ್ಲಿ ಇದೇ ಗುಣಗಳು ತೊಂದರೆ ಕೊಡುತ್ತವೆ. ಮೆತ್ತಗಿನ ಸ್ಪ್ರಿಂಗ್ ಇದ್ದರೆ ತಿರುವಿನಲ್ಲಿ ಗಾಡಿ ವಾಲುತ್ತದೆ. ಗಟ್ಟಿ ಆಕ್ಸಲ್‌ನ ಭಾರ ಪ್ರತಿ ಗುಂಡಿಯಲ್ಲೂ ಕುಣಿಯುತ್ತದೆ, ಎಡಚಕ್ರದ ಏಟು ಬಲಚಕ್ರಕ್ಕೂ ಹೋಗುತ್ತದೆ. ವಾಲುವುದನ್ನು ತಡೆಯಲು ಆ್ಯಂಟಿ ರೋಲ್ ಬಾರ್ ಹಾಕುತ್ತಾರೆ. ಎಡ ಬಲ ಚಕ್ರಗಳನ್ನು ಸೇರಿಸುವ ಈ ಕಬ್ಬಿಣದ ಸರಳು ತಿರುವಿನಲ್ಲಿ ಗಾಡಿಯನ್ನು ನೆಟ್ಟಗೆ ಇಡುತ್ತದೆ. ಆದರೆ ಕೆಸರಿನ ಗುಂಡಿಯಲ್ಲಿ ಚಕ್ರವನ್ನು ಕೆಳಗೆ ಇಳಿಯಲು ಬಿಡುವುದಿಲ್ಲ.

ಕಂಪನಿಗಳಿಗೂ ಇದು ಗೊತ್ತು. ಜೀಪ್ ರ‍್ಯಾಂಗ್ಲರ್ ರೂಬಿಕಾನ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಂದಿನ ಬಾರ್ ಬಿಟ್ಟುಕೊಳ್ಳುತ್ತದೆ, ವೇಗ ಹೆಚ್ಚಾದರೆ ತಾನೇ ಜೋಡಿಕೊಳ್ಳುತ್ತದೆ. ಟೊಯೊಟಾ ಲ್ಯಾಂಡ್ ಕ್ರೂಸರ್ 200ರಲ್ಲಿ ಇದೇ ಕೆಲಸವನ್ನು ಹೈಡ್ರಾಲಿಕ್ಸ್ ಮಾಡುತ್ತದೆ. ನಮ್ಮ ಬಜೆಟ್ಟಿನ ಗಾಡಿಗಳಲ್ಲಿ ಆ ಭಾಗ್ಯ ಇಲ್ಲ, ಎಲ್ಲೋ ಒಂದು ಕಡೆ ಗೆರೆ ಎಳೆಯಬೇಕು. ಜಿಮ್ನಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್ ಇಟ್ಟುಕೊಂಡು ಕಾಯಿಲ್ ಸ್ಪ್ರಿಂಗ್ ಹಾಕಿತು. 2020ರ ಥಾರ್ ಹಿಂದಿನ ಆಕ್ಸಲ್ ಗಟ್ಟಿಯಾಗಿಯೇ ಉಳಿಸಿ ಹಳೆಯ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಹಾಕಿತು, ಮುಂದೆ ಚಕ್ರಗಳು ಬೇರೆಬೇರೆಯಾಗಿ ಓಡಾಡುತ್ತವೆ.

ಹಳೆಯ ಜೀಪ್ ಯಾಕೆ ಅಷ್ಟು ಕುಲುಕುತ್ತದೆ ಅಂತಲೂ ಲೆಕ್ಕ ಹಾಕಿದೆವು. ಅದರ ಲೀಫ್ ಸ್ಪ್ರಿಂಗ್ ಕಾಫಿ ಮೂಟೆಗಾಗಿ ಇರುವುದು. ಹಿಂದೆ 600 ಕೆಜಿ ಇದ್ದಾಗ ಸೆಕೆಂಡಿಗೆ ಒಂದೂವರೆ ಸಲ ಏರಿಳಿಯುತ್ತದೆ ಅಂತಿಟ್ಟುಕೊಳ್ಳಿ. ಅದು ಮೈಗೆ ಹಿತ. ಮೂಟೆ ಇಳಿಸಿ 300 ಕೆಜಿ ಉಳಿದರೆ ಅದೇ ಸ್ಪ್ರಿಂಗ್ 2.1 ಸಲ ಕುಣಿಯುತ್ತದೆ. ಅಂದರೆ ಮೂಟೆಗೆ ಸುಖ, ಒಬ್ಬಳೇ ಕೂತ ಅಜ್ಜಿಗೆ ಕಷ್ಟ!

ಇನ್ನೊಂದು ಪ್ರಶ್ನೆ ಉಳಿದಿತ್ತು. ಹೊಸ ಗಾಡಿ ತಗೊಂಡು ಎರಡು ಇಂಚು ಲಿಫ್ಟ್ ಮಾಡಿಸಿ, ಕೆಸರಿಗೆ ಚಿಂತೆಯೇ ಇರಲ್ಲ ಅಂತ ಊರಿನ ಮೆಕ್ಯಾನಿಕ್ ಹೇಳಿದ್ದರು. ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಿದರೆ ಗಾಡಿ ಮಗುಚದೆ ನಿಲ್ಲುವ ಶಕ್ತಿಯ ಅಂದಾಜು ಸಿಗುತ್ತದೆ. ಅಗಲ 1500 ಮಿಲಿಮೀಟರ್, ಎತ್ತರ 650 ಇದ್ದರೆ ಉತ್ತರ 1.15. ಎತ್ತರ 700 ಆದರೆ 1.07. ಸಣ್ಣ ವ್ಯತ್ಯಾಸ ಅನಿಸಬಹುದು. ಹೈವೇಯಲ್ಲಿ ಹಸು ಅಡ್ಡ ಬಂದು ಸ್ಟೀರಿಂಗ್ ಎಳೆದಾಗ ಈ ಸಣ್ಣದೇ ದೊಡ್ಡದಾಗುತ್ತದೆ.

ಲೆಕ್ಕವನ್ನೆಲ್ಲ ಆಂಟಿ ಸುಮ್ಮನೆ ಕೇಳುತ್ತಿದ್ದರು. ಕೊನೆಗೆ, "ಎತ್ತರ ಮಾಡಿಸಿದ್ರೆ ಅಜ್ಜಿ ಹತ್ತೋದು ಹೇಗೆ?" ಅಂದರು. ಲಿಫ್ಟ್ ವಿಷಯ ಅಲ್ಲಿಗೇ ಮುಗಿಯಿತು.

ಕಡೆಗೆ ಮನೆಯವರು ಒಪ್ಪಿದ್ದು ಇಷ್ಟು: ಫೋರ್‌ವೀಲ್ ಡ್ರೈವ್ ಇರಲಿ, ಹಿಂದೆ ಕಾಯಿಲ್ ಸ್ಪ್ರಿಂಗ್ ಇರಲಿ, ಎತ್ತರ ಕಂಪನಿ ಕೊಟ್ಟಷ್ಟೇ ಸಾಕು. ಹತ್ತಲು ಪಕ್ಕದಲ್ಲೊಂದು ಮೆಟ್ಟಿಲು. ಅಜ್ಜಿ ಮುಂದಿನ ಸೀಟಿನಲ್ಲೇ ಕೂರಬೇಕು, ಹಿಂದಿನ ಆಕ್ಸಲ್ ಮೇಲೆ ಕುಲುಕಾಟ ಜಾಸ್ತಿ. ಕೆಸರಿನ ಮೂರು ಕಿಲೋಮೀಟರ್‌ಗೆ ಟೈರ್ ಗಾಳಿ ಸ್ವಲ್ಪ ಇಳಿಸಿ ನಿಧಾನ ಹೋಗುವುದು, ಡಾಂಬರಿಗೆ ಬಂದ ಕೂಡಲೇ ಸಣ್ಣ ಪಂಪಿನಿಂದ ಮತ್ತೆ ತುಂಬಿಸುವುದು. ಇದಕ್ಕಿಂತ ಅಗ್ಗದ ಸಸ್ಪೆನ್ಷನ್ ಬದಲಾವಣೆ ನಮಗೆ ಗೊತ್ತಿಲ್ಲ.

ಈಗಲೂ ಯಾರಾದರೂ ನಮ್ಮನ್ನು "ಯಾವ ಗಾಡಿಯ ಸಸ್ಪೆನ್ಷನ್ ಬೆಸ್ಟು?" ಅಂತ ಕೇಳಿದರೆ ನಾವು ತಿರುಗಿ ಕೇಳುತ್ತೇವೆ: ಯಾವ ರಸ್ತೆಗೆ, ಎಷ್ಟು ಭಾರಕ್ಕೆ, ಒಳಗೆ ಕೂರೋದು ಯಾರು?