ದೀಪದ ಬುಡದಲ್ಲಿ ನೀರು

ದೀಪದ ಬುಡದಲ್ಲಿ ಕತ್ತಲೆ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಅವರ ಕಾಲದ ಹಣತೆಗೆ ಆ ಮಾತು ಸಾಕಾಗಿತ್ತು. ಈ ಕಾಲದ ದೀಪದ ಬುಡದಲ್ಲಿ ಕತ್ತಲೆಯ ಜೊತೆಗೆ ನೀರೂ ಇರಬಹುದು, ಆ ನೀರು ಒಂದು ಮನೆಯನ್ನೇ ಒಳಗಿನಿಂದ ತಿಂದುಹಾಕಬಹುದು ಎಂಬುದನ್ನು ತಿಳಿಯಲು ನಾನು ಅಮೆರಿಕಾ ದೇಶದವರೆಗೆ ಹೋಗಬೇಕಾಯಿತು. ಅಷ್ಟು ದೂರ ಹೋಗಿ ಬಂದವರು ನಯಾಗರದ ಮಾತಾಡುತ್ತಾರೆ. ನಾನೂ ನಯಾಗರ ನೋಡಿದೆ. ಆದರೆ ಅಲ್ಲಿ ಕಂಡ ನೀರುಗಳಲ್ಲಿ ನನ್ನ ಮನಸ್ಸಿನಲ್ಲಿ ಉಳಿದದ್ದು ಅಂಗೈಯಷ್ಟು ದೀಪವೊಂದರ ಒಳಗೆ ನಿಂತಿದ್ದ ಎರಡು ಉದ್ಧರಣೆ ನೀರು.

ಸೋರುವ ಮನೆಯಲ್ಲಿ ಬಾಳಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ನೀರು ಒಳಗೆ ಬರುವ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು. ದೇವರ ಕೋಣೆಯ ಮೇಲೆ ಹಂಚು ಒಡೆದರೆ ನೀರು ರೀಪಿನ ಗುಂಟ ಮೆಲ್ಲಗೆ ನಡೆದು ಬಂದು ಊಟದ ಮನೆಯಲ್ಲಿ, ಅದೂ ಅಳಿಯದೇವರು ಊಟಕ್ಕೆ ಕುಳಿತ ದಿನ, ಅವರ ಎಲೆಯ ಮೇಲೆಯೇ ಬೀಳುತ್ತದೆ. ನಾವು ಕೆಳಗೆ ಬಿಂದಿಗೆಯಿಟ್ಟು ಮೇಲೆ ನೋಡುತ್ತೇವೆ. ಅಲ್ಲಿ ಹಂಚು ಸರಿಯಾಗಿಯೇ ಇರುತ್ತದೆ. ಈ ಚೇಷ್ಟೆ ನಮ್ಮ ಮಲೆನಾಡಿನ ಮಳೆಗೆ ಮಾತ್ರ ಬರುವುದೆಂದು ನಾನು ತಿಳಿದಿದ್ದೆ. ಹಾಗಲ್ಲ. ಗಾಲಿಯ ಮೇಲೆ ಓಡುವ ಮನೆಯಲ್ಲಿಯೂ ನೀರು ಇದೇ ಆಟವಾಡುತ್ತದೆ.

ಗಾಲಿಯ ಮೇಲಿನ ಮನೆ ಎಂದರೆ ಏನೆಂದು ಕೇಳುವ ಓದುಗರಿಗಾಗಿ ಎರಡು ಮಾತು. ಅಮೆರಿಕಾದಲ್ಲಿ ಇದನ್ನು ಮೋಟಾರ್‌ಹೋಮ್ ಎನ್ನುತ್ತಾರೆ. ನೋಡಲು ಬಸ್ಸಿನಂಥ ಗಾಡಿ. ಒಳಗೆ ಒಲೆ, ಮಂಚ, ಊಟದ ಮೇಜು, ಬಚ್ಚಲು ಎಲ್ಲವೂ ಉಂಟು. ಬಸವನಹುಳು ಚಿಪ್ಪು ಹೊತ್ತು ನಡೆದಂತೆ ಜನ ಮನೆಯನ್ನು ಹೊತ್ತು ದೇಶ ಸುತ್ತುತ್ತಾರೆ. ಇದು ನಿನ್ನೆ ಮೊನ್ನೆಯ ಹುಚ್ಚಲ್ಲ. 1931ರಲ್ಲಿ ಪ್ಯಾರಮೌಂಟ್ ಚಿತ್ರಸಂಸ್ಥೆಯವರು ನಟಿ ಮೇ ವೆಸ್ಟ್ ಅವರಿಗಾಗಿ ಷೆವರ್ಲೆ ಗಾಡಿಯ ಮೇಲೆ ಇಂಥ ಮನೆಯೊಂದನ್ನು ಕಟ್ಟಿಸಿಕೊಟ್ಟಿದ್ದರು. 1966ರಲ್ಲಿ ಅಯೋವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ವಿನ್ನೆಬೇಗೊ ಕಾರ್ಖಾನೆ ಮೋಟಾರ್‌ಹೋಮುಗಳನ್ನು ತಯಾರಿಸತೊಡಗಿದ ಮೇಲೆ ನಡುವಂತಸ್ತಿನವರ ಅಂಗಳಕ್ಕೂ ಅವು ಬಂದವು. ಈಗ ಪ್ರವಾಸದ ಗಾಡಿಗಳಲ್ಲಿ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ನನ್ನ ಮಗಳು ಅಳಿಯ ಇರುವುದೂ ಅದೇ ರಾಜ್ಯದಲ್ಲಿ. 2023ರ ಸೆಪ್ಟೆಂಬರ್ ತಿಂಗಳು ನಾನು ಅಲ್ಲಿದ್ದೆ.

ಇಂಥ ಗಾಡಿಯ ಹಣೆಯ ಮೇಲೆ ಐದು ಚಿಕ್ಕ ದೀಪಗಳಿರುತ್ತವೆ: ನಡುವೆ ಮೂರು, ಎರಡು ಅಂಚಿಗೆ ಒಂದೊಂದು. ಹಿಂದುಗಡೆಯೂ ಹಾಗೆಯೇ ಐದು. ಮುಂದಿನವು ಅರಿಶಿನ ಬಣ್ಣ, ಹಿಂದಿನವು ಕುಂಕುಮದ ಬಣ್ಣ. ಇದು ಶೃಂಗಾರಕ್ಕಾಗಿ ಅಲ್ಲ. 80 ಅಂಗುಲ ಅಥವಾ ಅದಕ್ಕೂ ಹೆಚ್ಚು ಅಗಲದ ಗಾಡಿಗೆ ಈ ದೀಪಗಳು ಇರಲೇಬೇಕೆಂದು 1968ರಿಂದ ಅಲ್ಲಿಯ ಕೇಂದ್ರ ಸರ್ಕಾರದ ಕಟ್ಟಳೆ. ಕತ್ತಲೆಯಲ್ಲಿ ಎದುರಿಗೆ ಬರುವವನಿಗೆ ಬರುತ್ತಿರುವುದು ಕಾರಲ್ಲ, ಅಗಲವಾದ ಗಾಡಿ ಎಂದು ತಿಳಿಯಬೇಕಷ್ಟೆ. ಕಟ್ಟಳೆ ಒಳ್ಳೆಯದೇ. ಆದರೆ ಒಂದೊಂದು ದೀಪಕ್ಕೂ ತಂತಿ ಹೋಗಲು ಒಂದು ತೂತು, ಸ್ಕ್ರೂಗಳಿಗೆ ಎರಡು ತೂತು. ಹತ್ತು ದೀಪಕ್ಕೆ ಮೂವತ್ತು ತೂತು! ಅವೂ ಗಾಡಿಯ ನೆತ್ತಿಯ ಬಳಿ, ಮಳೆ ಮೊದಲು ಬೀಳುವ ಕಡೆಯೇ. ದೀಪಕ್ಕೂ ಗೋಡೆಗೂ ನಡುವೆ ಒಂದು ತೆಳ್ಳನೆಯ ಮೆತ್ತೆ ಇಟ್ಟಿರುತ್ತಾರೆ. ಬಿಸಿಲಿಗೆ ಅದು ಒಣಗಿ ಹಪ್ಪಳವಾಗುತ್ತದೆ. ಚಳಿಗೆ ಕುಗ್ಗಿ ಸೆಕೆಗೆ ಹಿಗ್ಗಿ, ರಸ್ತೆಯ ಕುಲುಕಾಟಕ್ಕೆ ಸ್ಕ್ರೂಗಳು ಸಡಿಲವಾಗುತ್ತವೆ. ನಿಂತ ಮನೆಗೆ ಮಳೆ ಮೇಲಿನಿಂದ ಬಂದರೆ, ಗಂಟೆಗೆ ಅರವತ್ತು ಮೈಲಿ ಓಡುವ ಮನೆಗೆ ಅದು ಎದುರಿನಿಂದ ಗಾಳಿಯೊಡನೆ ನುಗ್ಗುತ್ತದೆ. ಮತ್ತೆ ಸೋರದೆ ಏನಾದೀತು?

ಮಗಳ ಪಕ್ಕದ ಮನೆಯ ಯಜಮಾನರು ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡಿ ನಿವೃತ್ತರಾದವರು. ವಯಸ್ಸು ಎಪ್ಪತ್ತು ದಾಟಿತ್ತು. ಕೈ ಮಾತ್ರ ಇನ್ನೂ ಸುಮ್ಮನಿರುತ್ತಿರಲಿಲ್ಲ. ಎಂಟು ವರ್ಷದ ಕೆಳಗೆ ಯಾರೋ ಬಳಸಿದ್ದ ಮೋಟಾರ್‌ಹೋಮೊಂದನ್ನು ಕೊಂಡು ಅಂಗಳದಲ್ಲಿ ನಿಲ್ಲಿಸಿದ್ದರು. ಅವರ ಹೆಂಡತಿಯ ಅಕ್ಕ ಸಾವಿರ ಮೈಲಿಗೂ ಆಚೆ, ನ್ಯೂ ಮೆಕ್ಸಿಕೋ ರಾಜ್ಯದಲ್ಲಿದ್ದರು. ಎಂಬತ್ತರ ಮೇಲಿನ ವಯಸ್ಸು, ವಾಸಿಯಾಗದ ಕಾಯಿಲೆ. ಈಕೆಗೆ ವಿಮಾನ ಹತ್ತಲು ವೈದ್ಯರ ಅಪ್ಪಣೆಯಿಲ್ಲ. ಅಕ್ಟೋಬರ್ ಮೊದಲ ವಾರ ಗಂಡಹೆಂಡಿರು ಗಾಡಿಯಲ್ಲಿ ಹೊರಟು ಅಕ್ಕನನ್ನು ನೋಡಿ ಬರುವುದೆಂದು ಗೊತ್ತಾಗಿತ್ತು. ಇನ್ನೊಂದು ಬಾರಿ ನೋಡುವ ಮಾತಿರಲಿಲ್ಲ; ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಎರಡು ದಿನ ಬಿಡದೆ ಮಳೆ ಹೊಯ್ಯಿತು. ಚಾಲಕನ ತಲೆಯ ಮೇಲ್ಗಡೆ ಇರುವ ಹಾಸಿಗೆಯ ಒಂದು ಮೂಲೆ ಒದ್ದೆಯಾಗಿತ್ತು. ಯಜಮಾನರು ಏಣಿ, ರಬ್ಬರ್ ಕೊಳವೆ ತೆಗೆದುಕೊಂಡು ಬಂದು, ನನ್ನನ್ನು ಕಂಡು, "ಒಳಗೆ ಟಾರ್ಚು ಹಿಡಿದು ಕೂರುತ್ತೀರಾ?" ಎಂದರು. ಮಗಳು ಕಿಟಕಿಯಿಂದ, "ಅಪ್ಪಾ, ಏಣಿ ಮಾತ್ರ ಹತ್ತಬೇಡಿ" ಎಂದು ಕೂಗಿದಳು. ಟಾರ್ಚು ಹಿಡಿಯುವುದಕ್ಕೆ ಏಣಿ ಬೇಡವಲ್ಲ, ಒಪ್ಪಿದೆ.

ಸೋರಿಕೆ ಹುಡುಕುವುದಕ್ಕೂ ಒಂದು ಕ್ರಮವಿದೆ. ನೀರನ್ನು ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಕೆಳಗಿನಿಂದ ಶುರುಮಾಡಿ, ಒಂದೊಂದೇ ಕಡೆ ಕೆಲವು ನಿಮಿಷ ನಿಧಾನವಾಗಿ ಬಿಟ್ಟು, ಒಳಗಿರುವವನು ಇಲ್ಲ ಎಂದ ಮೇಲೆ ಮುಂದಿನದಕ್ಕೆ ಹೋಗಬೇಕು. ಕಿಟಕಿ ಇಲ್ಲ, ಮೂಲೆಯ ಸಂದು ಇಲ್ಲ, ನಡುವಿನ ಮೂರು ದೀಪ ಇಲ್ಲ. ಎಡಗಡೆಯ ಅಂಚಿನ ದೀಪಕ್ಕೆ ಬಂದಾಗ, ದೀಪದಿಂದ ಮೂರಡಿ ದೂರದಲ್ಲಿ ನನ್ನ ಮೂಗಿನ ಎದುರಿಗೇ ಒಂದು ಹನಿ ಮೂಡಿತು. ತಂತಿಯನ್ನೇ ಹಾದಿ ಮಾಡಿಕೊಂಡು ನಡೆದು ಬಂದಿತ್ತು. ನಮ್ಮ ರೀಪಿನ ನೀರೇ ಸರಿ!

ಹೊರಗೆ ಬಂದು ನೋಡಿದೆ. ಯಜಮಾನರು ವರ್ಷವರ್ಷವೂ ಆ ದೀಪದ ಸುತ್ತ ಸಿಲಿಕೋನ್ ಅಂಟು ಬಳಿದಿದ್ದರು. ಪದರದ ಮೇಲೆ ಪದರ, ಎಡೆಯಿಲ್ಲದೆ ನಾಲ್ಕೂ ಕಡೆ. ಒಣಗಿದ ಸಿಲಿಕೋನಿನ ಮೇಲೆ ಬೇರೆ ಅಂಟಿರಲಿ, ಹೊಸ ಸಿಲಿಕೋನೇ ನೆಟ್ಟಗೆ ಹಿಡಿಯುವುದಿಲ್ಲ. ಮೇಲಂಚು ಕೂದಲೆಳೆಯಷ್ಟು ಬಿಟ್ಟುಕೊಂಡು ನೀರು ಒಳಗೆ ಇಳಿದಿತ್ತು. ಇಳಿದ ನೀರು ಕೆಳಗಿನಿಂದ ಹೊರಬೀಳಬೇಕಲ್ಲವೇ? ಕೆಳಗಿನ ಅಂಚು ಭದ್ರವಾಗಿ ಮುಚ್ಚಿತ್ತು. ಹೊರಗೆ ಹೋಗಲು ದಾರಿಯಿಲ್ಲದ ನೀರು ತಂತಿಯ ತೂತಿನಿಂದ ಮನೆಯೊಳಕ್ಕೆ ನಡೆದಿತ್ತು. ಉಳಿದದ್ದು ಅರಿಶಿನ ಬಣ್ಣದ ಮುಚ್ಚಳದೊಳಗೆ ತೀರ್ಥದಂತೆ ನಿಂತಿತ್ತು.

ದೀಪ ಬಿಚ್ಚಿದರು. ಸ್ಕ್ರೂ ತಿರುಗಿಸುವ ಮೊದಲೇ ಕೈಗೆ ಬಂತು. ಹಿಂದಿನ ಮರಕ್ಕೆ ಬೆರಳೊತ್ತಿದರೆ ಕಾಫಿಯಲ್ಲಿ ಅದ್ದಿದ ರಸ್ಕಿನಂತೆ ಒಳಗೆ ಹೋಯಿತು. ಯಜಮಾನರು ಸುಮಾರು ಹೊತ್ತು ಏಣಿಯ ಮೇಲೆಯೇ ನಿಂತಿದ್ದರು. ಆಮೇಲೆ ಇಳಿದು ಬಂದು ತಗ್ಗಿದ ದನಿಯಲ್ಲಿ, "ಎರಡು ವರ್ಷದಿಂದ ನನಗೆ ಅನುಮಾನವಿತ್ತು. ಬಿಚ್ಚಿ ನೋಡಲು ಧೈರ್ಯ ಬರಲಿಲ್ಲ. ಅವಳಿಗೆ ಹೇಳಬೇಡಿ. ಈಗ ಹೇಳಿದರೆ ಪ್ರಯಾಣ ನಿಂತುಹೋಗುತ್ತದೆ" ಎಂದರು. ಇನ್ನೊಂದು ಪದರ ಬಳಿದು ಹೊರಟುಬಿಡುವುದೆಂದು ಅವರ ಮನಸ್ಸು. ಆದರೆ ದೂರದ ದಾರಿಯಲ್ಲಿ, ಗಾಳಿಮಳೆಯಲ್ಲಿ ಆ ಮೂಲೆ ತಡೆದೀತೇ ಎಂಬ ಅಂಜಿಕೆಯೂ ಅವರ ಮುಖದಲ್ಲಿತ್ತು. ಜೀವಮಾನವೆಲ್ಲ ಮಕ್ಕಳ ಬಸ್ಸು ನೋಡಿಕೊಂಡ ಮನುಷ್ಯ. ಕೆಟ್ಟ ಗಾಡಿಯನ್ನು ರಸ್ತೆಗೆ ಬಿಡುವುದೆಂದರೇನೆಂದು ಅವರಿಗೆ ನಾನು ಹೇಳಬೇಕೆ? ನಾನೇನೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಆಕೆಯೇ ನಮ್ಮ ಮನೆಗೆ ಬಂದರು. ರಾತ್ರಿ ಊಟದ ಹೊತ್ತಿನಲ್ಲಿ ಗಂಡ ಎಲ್ಲವನ್ನೂ ಹೇಳಿದರಂತೆ. "ನನಗೂ ಎರಡು ವರ್ಷದಿಂದ ಗೊತ್ತಿತ್ತು" ಎಂದರು ಆಕೆ. "ಆ ಹಾಸಿಗೆ ಬಿಡಿಸಿದರೆ ಬೂಷ್ಟಿನ ವಾಸನೆ ಬರುತ್ತಿತ್ತು. ಹೇಳಿದರೆ ಆತ ನೊಂದುಕೊಂಡಾನು ಎಂದು ಸುಮ್ಮನಿದ್ದೆ. ಅಕ್ಕನಿಗೆ ಫೋನು ಮಾಡಿದೆ. ಮೂರು ವಾರ ತಡವಾಗುತ್ತದೆ ಎಂದೆ. ಬಾ, ಇರುತ್ತೇನೆ ಎಂದಳು."

ಒಂದೇ ಮನೆಯಲ್ಲಿ ಇಬ್ಬರು ಎರಡು ವರ್ಷ ಒಂದೇ ಸಂಗತಿಯನ್ನು ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು. ಮುಚ್ಚಿದ್ದು ಪ್ರೀತಿಯಿಂದಲೇ. ಅಷ್ಟು ಹೊತ್ತೂ ಮರ ಕೊಳೆಯುತ್ತಲೇ ಇತ್ತು.

ಆ ಮೂರು ವಾರ ನಾನು ದಿನವೂ ಹೋಗಿ ನೋಡುತ್ತಿದ್ದೆ. ಹಳೆಯ ಅಂಟನ್ನು ಪ್ಲಾಸ್ಟಿಕ್ ಉಜ್ಜುಗತ್ತಿಯಿಂದ ಕೆರೆದರು. ಕಬ್ಬಿಣದ್ದಾದರೆ ಫೈಬರ್‌ಗ್ಲಾಸಿನ ಗೋಡೆಗೆ ಗೀರು ಬೀಳುತ್ತದೆ. ಕೊಳೆತ ಮರವನ್ನು ಗಟ್ಟಿ ಸಿಗುವವರೆಗೂ ಕೊಯ್ದು ತೆಗೆದರು. ಒಳಗೆ ಬೀಸಣಿಗೆಯಿಟ್ಟು ದಿನಗಟ್ಟಲೆ ಒಣಗಿಸಿದರು. ಎರಡು ಮುಳ್ಳಿನ ಒಂದು ಪುಟ್ಟ ಯಂತ್ರವನ್ನು ಮರಕ್ಕೆ ಚುಚ್ಚಿದರೆ ಅದರಲ್ಲಿ ಶೇಕಡಾ ಎಷ್ಟು ತೇವವಿದೆಯೆಂದು ಹೇಳುತ್ತದೆ. ಅದು 20ರ ಕೆಳಗಿದ್ದರೆ ಮರ ಸಾಮಾನ್ಯವಾಗಿ ಕೊಳೆಯದು. ಆ ಅಂಕಿ ಬರುವವರೆಗೆ ಅವರು ಹೊಸ ಮರ ಕೂರಿಸಲಿಲ್ಲ. ಆಮೇಲೆ ಹೊಸ ದೀಪದ ಬೆನ್ನಿಗೆ ಬ್ಯೂಟೈಲ್ ಎಂಬ ಮೇಣದಂಥ ಅಂಟುಪಟ್ಟಿ ಹಚ್ಚಿದರು. ಅದರ ಗುಣವೆಂದರೆ ಬೇಗ ಗಟ್ಟಿಯಾಗುವುದಿಲ್ಲ. ಗಾಡಿ ಕುಲುಕಿದರೆ ತಾನೂ ಬಾಗುತ್ತದೆ. ತಂತಿಯ ತೂತನ್ನು ತುಂಬಿ, ತುಕ್ಕು ಹಿಡಿಯದ ಸ್ಕ್ರೂಗಳನ್ನು ಕೈಯಿಂದಲೇ ಬಿಗಿದು, ಒಂದು ದಿನ ಬಿಟ್ಟು ಇನ್ನಷ್ಟು ಬಿಗಿದರು. ಹೊರಗೆ ಉಕ್ಕಿದ ಮೇಣವನ್ನು ಕತ್ತರಿಸಿ, ದೀಪದ ಮೇಲೆ ಮತ್ತು ಎರಡು ಪಕ್ಕಕ್ಕೆ ಬೇರೆ ಜಾತಿಯ ಅಂಟನ್ನು ಎಳೆದರು.

ಕೆಳಗಿನ ಅಂಚನ್ನು ಹಾಗೆಯೇ ಬಿಟ್ಟರು. "ಅಲ್ಲಿ ಮರೆತಿರಾ?" ಎಂದು ಕೇಳಿದೆ. "ಮರೆತಿಲ್ಲ" ಎಂದರು ಯಜಮಾನರು. "ಎಷ್ಟು ಜಾಗ್ರತೆ ಮಾಡಿದರೂ ಎಂದೋ ಒಂದು ದಿನ ನಾಲ್ಕು ಹನಿ ಒಳಗೆ ಬಂದೇ ಬರುತ್ತದೆ. ಅದು ಹೋಗಲು ಒಂದು ದಾರಿ ಬೇಕು. ಬಸ್ಸುಗಳಿಗೆಲ್ಲ ಹೀಗೆಯೇ ಮಾಡುತ್ತಿದ್ದೆ. ಮನೆಯ ಗಾಡಿಗೆ ಬಂದಾಗ ಹೆದರಿ ಎಲ್ಲವನ್ನೂ ಮುಚ್ಚಿಬಿಟ್ಟೆ."

ಅಕ್ಟೋಬರ್ ಕೊನೆಯಲ್ಲಿ ಅವರು ಹೊರಟರು. ನ್ಯೂ ಮೆಕ್ಸಿಕೋದಲ್ಲಿ ಅಕ್ಕತಂಗಿಯರು ಎರಡು ವಾರ ಜೊತೆಗಿದ್ದರು. ಅಕ್ಕ ಜನವರಿಯಲ್ಲಿ ತೀರಿಕೊಂಡರೆಂದು, ನಾನು ಬೆಂಗಳೂರಿಗೆ ಬಂದ ಮೇಲೆ ಮಗಳು ತಿಳಿಸಿದಳು. ದಾರಿಯಲ್ಲಿ ಮಳೆ ಬಂದಿತ್ತಂತೆ. ಹಾಸಿಗೆ ಒಣಗಿಯೇ ಇತ್ತಂತೆ.

ನಮ್ಮ ಬೆಂಗಳೂರಿನಲ್ಲಿ ಮೋಟಾರ್‌ಹೋಮ್ ಇಟ್ಟವರು ಅಪರೂಪ. ಆದರೆ ಗೇಟಿನ ಕಂಬಕ್ಕೆ, ವೆರಾಂಡದ ಹೊರಗೋಡೆಗೆ ದೀಪ ಹಾಕಿಸದವರು ಯಾರು? ಮಳೆಗಾಲದಲ್ಲಿ ಅದರೊಳಗೆ ನೀರು ನಿಂತು, ಸತ್ತ ಹುಳುಗಳು ತೇಲುವುದನ್ನು ಯಾರು ಕಂಡಿಲ್ಲ? ಕಳೆದ ಜೂನ್‌ನಲ್ಲಿ ನಮ್ಮ ಹೊರದೀಪ ಬದಲಾಯಿಸಲು ಬಂದ ಹುಡುಗ, ಕೆಲಸದಲ್ಲಿ ಬಹಳ ನಿಯತ್ತಿನವನು, ದೀಪದ ಸುತ್ತಲೂ ಬಿಳಿ ಸಿಮೆಂಟು ಮೆತ್ತುತ್ತಿದ್ದ. ಮೇಲೆ, ಎರಡು ಪಕ್ಕ ಮುಗಿಸಿ ಕೆಳಗೆ ಬರುವಾಗ, "ಅಲ್ಲಿ ಬೇಡ ಕಣಪ್ಪ, ಹಾಗೇ ಬಿಡು" ಎಂದೆ.

ಅವನು ಕರಣೆ ಹಿಡಿದುಕೊಂಡೇ ತಿರುಗಿ ನನ್ನ ಮುಖ ನೋಡಿದ. "ಅಲ್ಲಿಂದ ನೀರು ಹೋಗುತ್ತಲ್ಲಾ ಸಾರ್?"

"ಹೋಗಲಿ ಅಂತಲೇ ಬಿಡು ಅಂದದ್ದು" ಎಂದೆ.